ಹೂವಿನ ಕೆಳಗಿನ ಕಾನಸು

ಖಂಡೇಪೂಜೆಯ ಸಂಜೆ. ವಾಡಿಯ ರೈಲ್ವೆ ಗೇಟಿನ ಆಚೆ, ಲಾರಿಗಳಿಗೆ ವೈರಿಂಗ್ ಮಾಡುವ ವಿಠೋಬಾ ಮಿಸ್ತ್ರಿಯ ಅಂಗಡಿಯ ತಗಡಿನ ಮೇಲೆ ಮಳೆ ಧೋ ಎಂದು ಸುರಿಯುತ್ತಿತ್ತು. ನಾನು ಶಹಾಬಾದಿನಿಂದ ಫರಸಿ ಕಲ್ಲು ಹೇರಿಕೊಂಡು ಸೇಡಂಗೆ ಹೊರಟವನು. ನನ್ನ ಲಾರಿಯ ಹೊಸ ಡೆಕ್ಕು ಬೆಳಗಿನಿಂದ ಹಾಡಿದ್ದಕ್ಕಿಂತ ಗೊರಗುಟ್ಟಿದ್ದೇ ಹೆಚ್ಚು. ಮಿಸ್ತ್ರಿ ತೀರಿಹೋಗಿ ವರ್ಷಗಳೇ ಆದವು. ಈಗ ಅಂಗಡಿ ನಡೆಸುವವಳು ಅವರ ಮಗಳು ಪೂನಮ್. ಅವಳು ಲಾರಿಯ ಕೆಳಗೆ ಬಗ್ಗಿಯೂ ನೋಡಲಿಲ್ಲ. "ಹತಿಯಾರ ಪೂಜಿಗಿ ಕುಂತಾವರಿ ಅಣ್ಣ. ನಾಳಿ ಬನ್ನಿ ಆಗೂತನಾ ಮುಟ್ಟಂಗಿಲ್ಲ," ಎಂದು ಚಹಾ ಕೊಟ್ಟಳು.

ಮೂಲೆಯ ಹಲಗೆಯ ಮೇಲೆ ನಟ್ಟು ಬಿಗಿಯುವ ಪಾನಾ, ಪಕ್ಕಡು, ಕಬ್ಬಿಣ ಉಜ್ಜುವ ಕಾನಸು ಎಲ್ಲವೂ ಚೆಂಡುಹೂವಿನಲ್ಲಿ ಮುಚ್ಚಿಹೋಗಿದ್ದವು. ಮಳೆಗೆ ಸಿಕ್ಕ ಡ್ರೈವರುಗಳು ಇನ್ನೂ ಕೆಲವರಿದ್ದರು. ಅವರಲ್ಲೊಬ್ಬ, ಡೆಕ್ಕಿನ ಒಂದು ಅರ್ತಿಂಗ್ ವೈರನ್ನು ಲಾರಿಯ ಚಾಸಿಗೆ ಬಿಗಿಯಲು ಇಷ್ಟೆಲ್ಲ ನೇಮ ಯಾಕೆ ಎಂದು ನಕ್ಕ. ಗೋಡೆಗೆ ಒರಗಿ ಎಲೆ ಅಡಿಕೆ ಮೆಲ್ಲುತ್ತಿದ್ದ ಪೂನಮ್‌ಳ ತಾಯಿ ತುಳಜಾಬಾಯಿ ಅವನನ್ನು ದುರುಗುಟ್ಟಿ ನೋಡಿ, ಕಾಲು ಚಾಚಿಕೊಂಡು ಶುರು ಮಾಡಿದರು.

"ಕುಂದ್ರು ತಮ್ಮಾ, ಹೇಳ್ತೀನಿ... ಇಕಿ ಅಪ್ಪ ಇದ್ದಾಗ ಶಹಾಬಾದ್‌ಲಿಂದ ಚಿಂಚೋಳಿತನಾ ಯಾವ ಲಾರಿ ಹಾಡಿದ್ರೂ ದನಿ ಕೇಳೇ ಮಂದಿ ಅಂತಿದ್ರು, ಇದು ವಾಡಿ ಮಿಸ್ತ್ರಿ ಕೈ ಅದ ಅಂತ. ಅವರು ಎಳದ ವೈರು ಒಂದರ ಸುಟ್ಟದ್ದು ತೋರಸ್ರಿ ನೋಡಮು! ಪ್ಲಸ್ ವೈರು ಬ್ಯಾಟ್ರಿಗಿ ಹಚ್ಚಿ ಬಾಜೂಕೇ ಫ್ಯೂಸ್ ಹಾಕೂದು ಎಲ್ಲಾರಿಗೂ ಬರ್ತದ. ಅರ್ತಿಂಗ್ ಎಷ್ಟ ಮಂದಿಗಿ ಬರ್ತದ? ಅವರು ಚಾಸಿ ಮ್ಯಾಲಿನ ಬಣ್ಣ ಕಾನಸಿಲೆ ಉಜ್ಜಿ ಉಜ್ಜಿ, ಕಬ್ಬಿಣ ಬೆಳ್ಳಿಹಂಗ ಹೊಳಿಯೂತನಾ ಬಿಡ್ತಿದ್ದಿಲ್ಲ, ಆಮ್ಯಾಲ ಬೋಲ್ಟ್ ಬಿಗಿದು ಹೆಬ್ಬೆಟ್ಟಿಲೆ ಗ್ರೀಸ್ ಒತ್ತತಿದ್ರು. ಆ ಹೊತ್ತಿನಾಗ ಬಾಜೂಕ ಯಾರರ ನಿಂತ್ರ ಮುಗೀತು, ಪಾನಾ ಒಗದೇ ಬಿಡ್ತಿದ್ರು... ನನಗೂ ಬಿಟ್ಟಿಲ್ಲ!

ಅವರು ತೀರಿಕೊಂಡ ವರ್ಷದ ಖಂಡೇಪೂಜಿ. ಹಿಂಗೇ ಮಳಿ. ಕೋಡ್ಲಾದಿಂದ ಸಿಮಿಟ್ ಹೊಡಿಯೂ ಸಂಗಮೇಶ್ವರ ಬಂದ. ಹೊಸಾ ನೀಲಿ ಬಣ್ಣ ಹೊಡಿಸಿದ ಲಾರಿ, ಬಗಲಾಗ ದೊಡ್ಡ ಡೆಕ್ಕು, ಆಂಪ್ಲಿಫೈರು. ಮುಂಜಾನಿ ಹೈದ್ರಾಬಾದಿಗಿ ಹೋಗಬೇಕು, ಇವತ್ತೇ ಹಚ್ಚು ಅಂದ. ಇಕಿ ಒಲ್ಲೆ ಅಂದ್ಳು. ಅವ ಏನಂದ ಗೊತ್ತೇನ್ರಿ? ಮಿಸ್ತ್ರಿ ಸಂಗಟ ಅಂಗಡಿನೂ ಸತ್ತದ ಬಿಡು ಅಂದ... ಯಾ ಮಗಳು ತಡಕೋತಾಳ? ಹತಿಯಾರ ಮುಟ್ಟಿಲ್ಲ ನನ್ನ ಮಗಳು, ಪೂಜಿ ಕೆಡಿಸಿಲ್ಲ. ಹಲ್ಲಿಲೆ ವೈರು ಸುಲದಳು, ಬೆರಳಿಲೆ ನಟ್ಟು ತಿರುವಿದಳು. ಆದ್ರ ಕಾನಸಿಲ್ಲದ ಬಣ್ಣ ಹ್ಯಾಂಗ ಹೋಗಬೇಕು? ಆ ನೀಲಿ ಬಣ್ಣದ ಮ್ಯಾಲೇ ಅರ್ತಿಂಗ್ ಕುಂತುಬಿಡ್ತು. ಹಾಡು ಹತ್ತಿತು ಖರೇ. ತಾಸುಗಟ್ಲೆ ಹಾಡಿಸಿ, ಬಂದ್ ಮಾಡಿ, ಅವ ಕ್ಯಾಬಿನ್‌ದಾಗೇ ಅಡ್ಡಾದ.

ಇಂಜಿನ್ ಬಂದ್, ಡೆಕ್ಕು ಬಂದ್... ಆದ್ರೂ ಸ್ಪೀಕರಿನಾಗ ಕರ್ರ್... ಕರ್ರ್... ಅಂತ ಕಬ್ಬಿಣ ಉಜ್ಜೂ ಸಪ್ಪಳ ಬರಾಕತ್ತಿತು. ಸಂಸಾರ ಪೂರ್ತಿ ಕೇಳಿದ ಸಪ್ಪಳ, ನನಗ ಗುರ್ತು ಸಿಗಂಗಿಲ್ಲೇನು?

ಮುಂಜಾನಿ ಇಕಿ ಲಾರಿ ಬುಡಕ ಹೊಕ್ಕು ನೋಡಿದಳು. ಬೋಲ್ಟಿನ ಸುತ್ತ ಬಣ್ಣೇ ಇಲ್ಲ, ಕಬ್ಬಿಣ ಫಳಫಳ ಅಂತದ. ಮ್ಯಾಲ ಗ್ರೀಸು, ಗ್ರೀಸಿನಾಗ ಹೆಬ್ಬೆಟ್ಟಿನ ಗುರ್ತು! ಡೆಕ್ಕಿನ ಸಣ್ಣ ವೈರು ಅಷ್ಟರಾಗೇ ಕರಗಿ ಕರ್ರಗಾಗಿತ್ತು... ಅರ್ತಿಂಗ್ ಸರಿ ಹತ್ತಲಿಲ್ಲಂದ್ರ ಆಂಪ್ಲಿಫೈರಿನ ಕರೆಂಟು ಪೂರಾ ಅದರಾಗಿಂದೇ ಹೊಳ್ಳಿ ಹೋಗ್ತದಲ್ಲ. ಹಂಗೇ ಬಿಟ್ಟಿದ್ರ ದಾರಿಯಾಗ ಕ್ಯಾಬಿನ್‌ಗೆ ಬೆಂಕಿ ಹತ್ತಿ ಅವನ ಜೀವಾನೂ ಹೋಗ್ತಿತ್ತು, ಇಕಿ ಅಪ್ಪನ ಹೆಸರೂ ಹೋಗ್ತಿತ್ತು. ಪೂನಮ್ ಅತ್ತಳು. ಅಂಜಿ ಅಲ್ಲ, ಅಪ್ಪ ನನ್ನ ಕೈ ಬಿಟ್ಟಿಲ್ಲ ಅಂತ. ಕಣ್ಣ ವರಸಿಕೊಂಡು, ನಿನ್ನೆ ನಾ ಮಾಡಿದ್ದು ತಪ್ಪು ಅಂತ ಸಂಗಮೇಶ್ವರನ ಮುಂದ ನೆಟ್ಟಗ ನಿಂತು ಹೇಳಿದಳು. ಹಂತಾಕಿ ನನ್ನ ಮಗಳು! ಅವತ್ತಿನಿಂದ ಇಕಿ ಕೈಯಾನ ಒಂದು ವೈರು ಸುಟ್ಟಿಲ್ಲ, ಅವನೂ ಬ್ಯಾರೆ ಅಂಗಡಿ ಮೆಟ್ಟಲಾ ಹತ್ತಿಲ್ಲ.

ಬನ್ನಿ ಆದ ಮ್ಯಾಲ ಹಲಗಿ ಮ್ಯಾಲಿನ ಹೂವು ಸರಿಸಿದಿವಿ. ಒಂದು ಹೂವು ಅಲಗಾಡಿದ್ದಿಲ್ಲ, ಹಚ್ಚಿದ ಕುಂಕುಮ ಹಚ್ಚಿದಂಗೇ ಇತ್ತು. ಕಾನಸಿನ ಹಲ್ಲಿನಾಗ ಮಾತ್ರ... ನೀಲಿ ಬಣ್ಣ ತುಂಬಿತ್ತು."

ನಕ್ಕಿದ್ದವನ ಚಹಾ ಕೈಯಲ್ಲೇ ಆರಿತ್ತು. ಅಷ್ಟರಲ್ಲಿ ಹೊರಗೆ, ಮಳೆಯ ಸದ್ದಿನ ನಡುವೆ, ನನ್ನ ಲಾರಿ ನಿಂತಿದ್ದ ಕಡೆಯಿಂದ ಕರ್ರ್... ಕರ್ರ್... ಎಂದು ಕೇಳಿಸಿತು. ಪೂನಮ್ ನನ್ನ ಎದುರಿಗೇ ಕೂತಿದ್ದಳು. ನಾನು ದಡಕ್ಕನೆ ಎದ್ದೆ.

ತುಳಜಾಬಾಯಿ ನನ್ನ ಅಂಗಿ ಹಿಡಿದು ಕೂಡಿಸಿದರು. "ನಿನ್ನ ಲಾರಿ ಬಣ್ಣ ಯಾವದು ತಮ್ಮಾ?"

"ಕೆಂಪು, ಆಯಿ."

"ಹಂಗಂದ್ರ ನಾಳಿ ಬನ್ನಿ ಆದ ಮ್ಯಾಲ ನೀನೇ ಹೂವು ಸರಿಸಿ ನೋಡು. ಈಗ ಮಾತ್ರ ಹೊರಗ ಹೋಗಬ್ಯಾಡ... ಕೆಲಸದಾಗ ಬಾಜೂಕ ಯಾರರ ನಿಂತ್ರ ಅವರಿಗಿ ಭಾಳ ಸಿಟ್ಟ ಬರ್ತದ."