ಕತ್ತರಿಸಿದ ನಲವತ್ತು ಅಡಿ

ಸಭೆಯ ಅಧ್ಯಕ್ಷರೂ ನಮ್ಮ ಟಾಕೀಸಿನ ಮಾಲೀಕರೂ ಆದ ಶಾಂತಮೂರ್ತಿಯವರೇ, ವೇದಿಕೆಯ ಮೇಲಿರುವ ಹಿರಿಯರೇ, ಇಪ್ಪತ್ತೆರಡು ವರ್ಷ ನನಗೆ ಬೆನ್ನು ತೋರಿಸಿ ಕೂತು ಇವತ್ತು ಮೊದಲ ಸಲ ಮುಖ ತೋರಿಸುತ್ತಿರುವ ಕೊಳ್ಳೇಗಾಲದ ಸಭಿಕರೇ,

ಪ್ರೊಜೆಕ್ಟರ್ ಕೋಣೆಯ ಕಿಂಡಿಯಿಂದ ಆಪರೇಟರಿಗೆ ಕಾಣುವುದು ನಿಮ್ಮ ನೆತ್ತಿಗಳು ಮಾತ್ರ. ಯಾರ ತಲೆ ಯಾವಾಗ ಬೋಳಾಯಿತು ಎಂಬುದು ನಿಮ್ಮ ಹೆಂಡತಿಯರಿಗಿಂತ ಮೊದಲು ನನಗೆ ಗೊತ್ತು. ಇವತ್ತು ಟಾಕೀಸು ಮುಚ್ಚುತ್ತಿದೆ. ನನಗೆ ಶಾಲು ಹೊದಿಸಿದ್ದೀರಿ. ಎರಡೇ ಮಾತಾಡಿ ಕೂತುಬಿಡುತ್ತೇನೆ.

ಕೊನೆಗೆ ಒಂದು ರೀಲು ಓಡಿಸುತ್ತಾರಂತೆ. ತೊಂಬತ್ತೊಂದರಲ್ಲಿ ಇಲ್ಲಿ ಏಳು ವಾರ ಓಡಿದ ಆ ಒಡವೆ ಕಳ್ಳತನದ ಚಿತ್ರದ್ದು. ಏನು ಠೀವಿ ಅದರದು! ಬಿಳಿ ಕೋಟು, ಕಪ್ಪು ಕನ್ನಡಕ, ಬೆಕ್ಕಿನ ಹಾಗೆ ನಡೆಯುವ ಕಳ್ಳ. ಕಥೆ ಮಾತ್ರ ಟಿಕೆಟ್ ಹರಿಯುವಾಗಲೇ ಗೊತ್ತಾಗುವಂಥದ್ದು. ಗಾಜಿನ ಪೆಟ್ಟಿಗೆಯಲ್ಲಿ ಮಖಮಲ್ಲಿನ ಬೊಂಬೆ, ಅದರ ಕೊರಳಲ್ಲಿ ರಾಣಿಯ ಸರ. ಕಳ್ಳ ಕರವಸ್ತ್ರ ಮರೆಮಾಡಿ ಅಸಲಿ ಎತ್ತಿಕೊಂಡು ನಕಲಿ ಹಾಕುತ್ತಾನೆ. ಮೂರನೇ ವಾರದಿಂದ ನೀವೇ ಮುಂಚೆ ಕೂಗುತ್ತಿದ್ದಿರಿ, "ಈಗ ಬದ್ಲಾಯಿಸ್ತನೆ ನೋಡ್ಲಾ" ಅಂತ. ಕೊನೆಗೆ ಅವನೇ ಸರ ತಂದೊಪ್ಪಿಸುತ್ತಾನೆ ಅನ್ನುವುದೂ ಇಡೀ ತಾಲ್ಲೂಕಿಗೆ ಗೊತ್ತಿತ್ತು.

ನನ್ನ ಹೆಂಡತಿ ಪುಟ್ಟಮಲ್ಲಮ್ಮನಿಗೆ ಮಾತ್ರ ಅದು ಬೇಸರವಾಗಲಿಲ್ಲ. ಹೊನ್ನೂರಿನವಳು ಅವಳು. ಅಗೋ, ಎರಡನೇ ಸಾಲಿನಲ್ಲಿ ಕಂಬದ ಪಕ್ಕ, ಈಗ ಖಾಲಿ ಇದೆಯಲ್ಲ, ಆ ಕುರ್ಚಿ ಅವಳದು. ತೆರೆಯ ಮೇಲೆ ರಾಣಿಯ ಸರ ಬಂದಾಗಲೆಲ್ಲ ತನ್ನ ಕೊರಳಿನ ಸರ ಮುಟ್ಟಿಕೊಳ್ಳುವಳು. ಅದು ಅವಳ ತಾಯಿ ಸಾಯುವ ಮುಂಚೆ ಹಾಕಿದ್ದು.

ಆರನೇ ವಾರ ಅವಳಿಗೆ ಜ್ವರ ಬಂತು. ಮೂರೇ ದಿನ. ನನ್ನ ಕೈ ಹಿಡಿದುಕೊಂಡು, "ಈ ಸರ ನನ್ ಜೊತೇಲೇ ಮಣ್ಗಾಕ್ಬುಡಿ. ನಮ್ಮವ್ವುನ್ ಮುಂದೆ ಬರಿ ಕೊರಳಲ್ಲಿ ನಿಂತ್ಕಳಕಾಗಲ್ಲ" ಅಂದಳು. ಆಗಲಿ ಅಂತ ಮಾತು ಕೊಟ್ಟೆ.

ಆದರೆ ನನಗೆ ನಾಲ್ಕು ವರ್ಷದ ಮಗಳಿದ್ದಳು. ಮಣ್ಣಿಗೆ ಹಾಕುವುದು ಮಗುವಿನ ಕೊರಳಿಗಾಗಲಿ ಅನ್ನಿಸಿತು. ತಪ್ಪೇ? ಸಭಿಕರೇ, ತಪ್ಪೇ? ಹೆಣ ಕೂರಿಸಿದ್ದರು. ಇಡೀ ಕೇರಿ ಸುತ್ತ ನಿಂತಿತ್ತು. ಹಣೆಗೆ ವಿಭೂತಿ ಹಚ್ಚುತ್ತ, ಹೆಗಲ ಮೇಲಿನ ವಲ್ಲಿ ಮರೆಮಾಡಿ, ಫ್ಯಾನ್ಸಿ ಅಂಗಡಿಯ ಗಿಲೀಟು ಸರ ಹಾಕಿ ಅಸಲಿ ಎತ್ತಿಕೊಂಡೆ. ನೂರೈವತ್ತು ಸಲ ನೋಡಿದ ಕೆಲಸ. ಅವಳ ಚಿಕ್ಕಮ್ಮ ದೊಡ್ಡಬಸಮ್ಮ ನನ್ನ ತಲೆ ಸವರಿ, "ಕೊಟ್ಟ ಮಾತು ಉಳಿಸ್ಕಂಡೆ ಕಣಪ್ಪ" ಅಂದರು.

ಇದನ್ನೆಲ್ಲ ಹೇಳಬೇಕು ಅಂತ ಬಂದವನಲ್ಲ ನಾನು. ಕ್ಷಮಿಸಿ, ಬಾಯಿಗೆ ಬಂದುಬಿಟ್ಟಿತು, ಇನ್ನು ತಡೆಯಲಾರೆ.

ಐದನೇ ದಿನ ಕೆಲಸಕ್ಕೆ ಬಂದೆ. ಆ ದೃಶ್ಯ ಬಂತು. ಗಾಜಿನ ಪೆಟ್ಟಿಗೆಯಲ್ಲಿ ಬೊಂಬೆ ಇರಲಿಲ್ಲ. ವಿಭೂತಿ ಹಚ್ಚಿದ ಹೆಂಗಸು ಕೂತಿದ್ದಳು. ನಿದ್ದೆಗೆಟ್ಟ ಕಣ್ಣು ಅಂದುಕೊಂಡೆ. ಮಾರನೇ ದಿನವೂ ಅವಳೇ. ರೀಲು ಬಿಚ್ಚಿ ಆ ನಲವತ್ತು ಅಡಿ ಕತ್ತರಿಸಿ, ತುದಿಗಳನ್ನು ಅಂಟಿಸಿದೆ. ತುಂಡನ್ನು ಸುತ್ತಿ ಜೇಬಿಗೆ ಹಾಕಿಕೊಂಡೆ. ಮುಂದಿನ ಆಟದಲ್ಲಿ ಕಳ್ಳ ಬಾಗಿಲು ತೆರೆದವನೇ ನೇರ ಕಾರು ಹತ್ತಬೇಕಿತ್ತು.

ಹತ್ತಲಿಲ್ಲ. ದೃಶ್ಯ ಪೂರ್ತಿ ಓಡಿತು. ಜೇಬು ಮುಟ್ಟಿ ನೋಡಿಕೊಂಡೆ, ತುಂಡು ಅಲ್ಲೇ ಇತ್ತು. ತೆರೆಯ ಮೇಲೆ ಅವಳು ಬರಿ ಕೊರಳಲ್ಲಿ ಕೂತು ಕತ್ತೆತ್ತಿ ನನ್ನ ಕಿಂಡಿಯನ್ನೇ ನೋಡುತ್ತಿದ್ದಳು. ನೀವು ಯಾರೂ ಕೂಗಲಿಲ್ಲ. ಅಧ್ಯಕ್ಷರೇ, ಆಟ ಬಿಟ್ಟ ಮೇಲೆ ನೀವು ಮೇಲೆ ಹತ್ತಿ ಬಂದು, "ಆ ಪೆಟ್ಟಿಗೆಯೊಳಗಿನ ಹೆಂಗಸು ಯಾರಯ್ಯ?" ಅಂತ ಕೇಳಿದಿರಿ, ನೆನಪಿದೆಯೇ? ಯಾಕೆ ತಲೆ ತಗ್ಗಿಸಿದಿರಿ?

ಹದಿಮೂರು ವರ್ಷ ಸರವನ್ನು ಪೆಟ್ಟಿಗೆಯಲ್ಲಿಟ್ಟೆ. ಮುಟ್ಟಲು ಭಯ, ಕೊಡಲು ಆಸೆ. ಇವತ್ತು ಅಪ್ಪನಿಗೆ ಸನ್ಮಾನ ಅಂತ ನನ್ನ ಮಗಳು ದಿವ್ಯ ತಾನೇ ಪೆಟ್ಟಿಗೆ ತೆಗೆದು ಹಾಕಿಕೊಂಡು ಬಂದಿದ್ದಾಳೆ. ಮೊದಲ ಸಾಲಿನಲ್ಲಿ ಅದೇ ಕಂಬದ ಪಕ್ಕ ಕೂತಿದ್ದಾಳೆ. ಇಲ್ಲಿ ನಿಂತು ಅವಳನ್ನು ನೋಡಿದಾಗಲೇ ನನ್ನ ಜೀವ ಹಾರಿಹೋಯಿತು.

ಕಳ್ಳನೇ ತಂದೊಪ್ಪಿಸುತ್ತಾನೆ, ಅಲ್ಲವೇ? ಆ ರೀಲು ಹಾಕಬೇಡಿ. ಮಗಳೇ, ಆ ಸರ ಬಿಚ್ಚಿ ನನ್ನ ಕೈಗೆ ಕೊಡು. ನಿಮ್ಮಮ್ಮನ ಗದ್ದುಗೆಯ ಮಣ್ಣು ಬಗೆದು ನಾನೇ ಇಟ್ಟು ಬರುತ್ತೇನೆ.

ಕೊಂಡಿ ಬರುತ್ತಿಲ್ಲವೇ? ಇರಲಿ ಬಿಡು, ಕೈ ಇಳಿಸು. ಖಾಲಿಯಿದ್ದ ಹಿಂದಿನ ಕುರ್ಚಿಯಲ್ಲಿ ಕೂತವರೇ ಬಿಚ್ಚುತ್ತಿದ್ದಾರೆ. ತಣ್ಣಗಿದ್ದರೂ ಬೆದರಬೇಡ ಮಗಳೇ, ನಿನಗೆ ಅವರು ಏನೂ ಮಾಡುವುದಿಲ್ಲ. ತಿರುಗಿ ಮಾತ್ರ ನೋಡಬೇಡ.

ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ಕೃತಜ್ಞತೆಗಳು. ಬಂದು ತೆಗೆದುಕೊಂಡು ಹೋದವಳಿಗೂ. ನಮಸ್ಕಾರ.