ಪಾರ್ಟ್ನರ್ ಅಂದ್ರೆ

ಹಲೋ, ಎಚ್ಚರ ಆಯ್ತಾ ಮಹಾರಾಯ? … ಹಾಂ? ಯಾರಮ್ಮ ಮಾತಾಡೋದು? ಇದು ಅವನ ಫೋನ್ ಅಲ್ವಾ? …

ಓ, ವಾರ್ಡಿನ ಸಿಸ್ಟರಾ. ಫೋನ್ ಅವನ ಪ್ಯಾಂಟ್ ಜೇಬಲ್ಲಿತ್ತಾ? ಹೌದು, ಅದ್ರಲ್ಲಿ ಪಾರ್ಟ್ನರ್ ಅಂತಿರೋದು ನಾನೇ. …

ಯಾಕೆ, ಗಂಡಸಾದ್ರೆ ಪಾರ್ಟ್ನರ್ ಆಗ್ಬಾರ್ದಾ? … ಹೆಂಡತೀನ ಎಲ್ಲಿಂದ ತರ್ಲಿ ಸಿಸ್ಟರ್, ಅವನು ಮದುವೇನೇ ಆಗ್ಲಿಲ್ಲ. ನಮ್ಮದು ಗಾಜಿನಂಗಡಿ, ಜಂಟಿ ವ್ಯಾಪಾರ. ಬೋರ್ಡಲ್ಲಿ ಪಾಲುದಾರರು, ಬಾಯಲ್ಲಿ ಪಾರ್ಟ್ನರ್. ಆಳೆತ್ತರದ ಕನ್ನಡಿ ಒಬ್ಬನ ಕೈಲಿ ಎತ್ತೋಕಾಗುತ್ತಾ? ಆ ಕಡೆ ಅವನು, ಈ ಕಡೆ ನಾನು. ಕನ್ನಡಿ ಅಡ್ಡ ಇರುತ್ತಲ್ಲ, ಅವನ ಮುಖ ಕಾಣಲ್ಲ, ಬರೀ ಬೈಗುಳ ಕೇಳಿಸುತ್ತೆ. ಈಗ ಹೇಗಿದ್ದಾನೆ? …

ಏನಂದ್ರಿ ಸಿಸ್ಟರ್? …

ಹೋಗ್ಬಿಟ್ನಾ? …

ಇಲ್ಲ ಸಿಸ್ಟರ್, ಸರಿಯಾಗಿ ನೋಡಿ. ನಮ್ಮವನ ಬೆರಳಲ್ಲೆಲ್ಲ ಗಾಜು ಕುಯ್ದ ಗಾಯ ಇರುತ್ತೆ. … ಇದೆಯಾ. …

ಹಾಂ, ಕೇಳ್ತಾ ಇದ್ದೀನಿ. ಪಾರ್ಟ್ನರನ್ನ ಕರೀರಿ ಅಂತಾನೇ ಇದ್ನಾ? … ಹಾಗಾದ್ರೆ ಆಗ್ಲೇ ಮೈಕಲ್ಲಿ ಕೂಗಿದ್ರಲ್ಲ, ಎದೆನೋವಿನ ರೋಗಿಯ ಪತ್ನಿ ತಕ್ಷಣ ಮೇಲೆ ಬರಬೇಕು ಅಂತ… ಅದು ಇವನಿಗಾ? …

ಕೇಳಿಸ್ತು. ಮತ್ತೆ ಮತ್ತೆ ಕೇಳಿಸ್ತು. ಸಂಬಂಧಿಕರು ಮಾತ್ರ ಅಂದಿದ್ರಲ್ಲ, ಅದಕ್ಕೇ ಕೆಳಗೆ ಬೆಂಚಿನ ಮೇಲೆ ಕೂತಿದ್ದೆ. ಪಾಪ, ಯಾವ ಹೆಣ್ಣುಮಗಳೋ, ಎಲ್ಲಿಗೆ ಹೋದ್ಲೋ ಅಂತ ನಾನೂ ಹುಡುಕ್ದೆ. ನಲ್ಲಿ ಹತ್ರ ನಿಂತಿದ್ದೋರನ್ನ, ನಿಮ್ಮನ್ನೇನಮ್ಮಾ ಕರೀತಿರೋದು ಅಂತ ಕೇಳ್ದೆ ಕೂಡ. …

ಅಳಬೇಡಿ ಸಿಸ್ಟರ್. ನಿಮ್ಮ ತಪ್ಪಲ್ಲ. ಪಾರ್ಟ್ನರ್ ಅಂದ್ರೆ ಈಗ ಹಾಗೇ ಅಲ್ವಾ ಅರ್ಥ. ಆದ್ರೆ ಅವನು, ನಾನು ಬರ್ಲೇ ಇಲ್ಲ ಅಂದ್ಕೊಂಡು ಹೋದ್ನಲ್ಲ. …

ಹಾಂ, ಬರ್ತೀನಿ. ಮೆಟ್ಟಿಲ ಹತ್ರಾನೇ ಇದ್ದೀನಿ. … ಈಗ್ಲೂ ಸಂಬಂಧಿಕರನ್ನೇ ಬಿಡೋದಾ? ಬಾಗಿಲಲ್ಲಿ, ನೀವು ಅವರಿಗೆ ಏನಾಗ್ಬೇಕು ಅಂತ ಕೇಳ್ತಾರಾ? … ಪಾಲುದಾರ ಅಂದ್ರೆ ಬಿಡಲ್ವಾ? …

ಮತ್ತೆ ಏನಂತ ಹೇಳ್ಲಿ? ಅವನಿಗೆ ನಾನು ಏನಾಗ್ಬೇಕು ಅಂತ ನೀವೇ ಒಂದು ಮಾತು ಹೇಳ್ಕೊಡಿ ಸಿಸ್ಟರ್, ಅದನ್ನೇ ಹೇಳ್ತೀನಿ.

ಸಿಸ್ಟರ್? …