ಯಮನೂರಪ್ಪಗ ಹುಚ್ಚಿಲ್ಲ

ಮುಕ್ಕುಂದದ ಯಮನೂರಪ್ಪ ನಾಟಿಯ ಕೂಲಿ ಹೆಚ್ಚಿಸಿ ಎಂದು ಕೇಳಿದ. ಅವನು ಕುಡಿಯುವ ಸೇಂದಿ ಹೆಂಡದಲ್ಲಿ ತಲೆ ಕೆಡಿಸುವ ಉಮ್ಮತ್ತಿ ಬೀಜ ಅರೆದು ಹಾಕಿದರು. ೧೯೮೮, ಸಿಂಧನೂರಿನ ಆಸ್ಪತ್ರೆ. ಫೋನು ಎತ್ತಿದವಳು ಡಾಕ್ಟರು ಶಿವಬಸಮ್ಮ.

ಹಲೋ… ಯಾರ್ರೀ ಮಾತಾಡೋರು? … ಜೋರಾಗಿ ಹೇಳ್ರಿ, ಲಿಂಗಸುಗೂರಿಂದನಾ? … ಹಾಂ, ಅಮರಗುಂಡಪ್ಪ ಮಾವಾರಾ. ಹೇಳ್ರಿ.

… ಆರಾಮ ಎಲ್ಲಿಂದು ಮಾವ, ನಿನ್ನಿಯಿಂದ ಕಣ್ಣು ಮುಚ್ಚಿಲ್ಲ. ನಿಮ್ಮ ಗದ್ದಿ ಆಳು ಯಮನೂರಪ್ಪ ಇಲ್ಲೇ ಅದಾನ.

… ಹುಚ್ಚಾ? ಯಾರು ಹೇಳಿದ್ರು ಹುಚ್ಚು ಅಂತ? … ಹಾಂ, ಬಡಬಡಸ್ತಾನ. ಹಾಸಿಗಿ ಬಟ್ಟಿ ಕಿತ್ತು ಕಿತ್ತು ಸಸಿ ಕಟ್ಟು ಕಟ್ಟಾಕತ್ತಾನ. ತಲಿ ಕೆಟ್ಟಾಗೂ ನಿಮ್ಮ ಗದ್ದಿ ಕೆಲಸಾನ ಮಾಡಾಕತ್ತಾನ, ಇನ್ನೇನು ಬೇಕು ನಿಮಗ?

… ಕಣ್ಣುಗೊಂಬಿ ಅಗಲ ಆಗ್ಯಾವ, ಬಾಯಿ ಒಣಗೈತಿ, ಮೈ ಕೆಂಡ. ಹೊಟ್ಟಿ ತೊಳದಾಗ ಉಮ್ಮತ್ತಿ ಬೀಜದ ನುಚ್ಚು ಬಿತ್ತು. ಹುಚ್ಚಿಗೆ ನುಚ್ಚು ಇರ್ತೈತೇನು ಮಾವ?

… ಹೆಂಗಂದ್ರ… ನಿಮಗ ತಿಳಿಯೂ ಮಾತಿನ್ಯಾಗ ಹೇಳ್ತೀನಿ. ನರದಿಂದ ಸುದ್ದಿ ಒಯ್ಯೂ ರಸ ಒಂದೈತಿ. ಅದು ಹೋಗಿ ಮುಟ್ಟೂ ಜಾಗದಾಗ ಉಮ್ಮತ್ತಿ ವಿಷ ಕುಂತುಬಿಡ್ತೈತಿ. ಕಾಲುವ್ಯಾಗ ನೀರೈತಿ, ತೂಬಿಗೆ ಕಲ್ಲು ಜಡದೈತಿ, ಕೆಳಗಿನ ಗದ್ದಿ ಒಣಗ್ತೈತಿ. ನಿಮಗ ಗೊತ್ತಿರೋ ಕೆಲಸಾನ, ಅಲ್ಲೇನ್ರಿ? ತಲಿಗೆ ಸುದ್ದಿ ಇಲ್ಲ, ಇಲ್ಲದ್ದು ಕಾಣ್ತೈತಿ. ಚರ್ಮಕ್ಕ ಸುದ್ದಿ ಇಲ್ಲ, ಬೆವರು ಬರಂಗಿಲ್ಲ. ಒಳಗಿನ ಕಾವು ಒಳಗ.

… ಅದರ ಮ್ಯಾಲ ಹೆಂಡ್ತಿ ಗದ್ದೆಮ್ಮ, ದೇವರು ಮೈಮ್ಯಾಲ ಬಂದಾನ ಅಂತ ಕರಿಕಂಬಳಿ ಹೊದಿಸಿ ಗುಡಿ ಮುಂದ ಕುಂದ್ರಿಸ್ಯಾಳ. ಕುರುಬರ ಮನಿ, ಕಂಬಳಿ ಅಂದ್ರ ದೇವರು. ಕಾದ ಮೈ ಬೆಂದೈತಿ. ಈಗ ಆಕೀನ ಹಸಿ ಸೀರಿ ಹೊದಿಸಿ ಗಾಳಿ ಬೀಸಾಕತ್ತಾಳ.

… ಆಕಿ ಯಾಕ ಸುಳ್ಳು ಹೇಳ್ತಾಳ? ಸೇಂದಿ ಎಲ್ಲಾರಿಗೂ ಒಂದ ಗಡಿಗಿ, ಇವನೊಬ್ಬಗ ಬ್ಯಾರೆ ಚರಿಗಿ. ಸುರುವಿದಾಂವ ನಿಮ್ಮ ಮೇಸ್ತ್ರಿ.

… ಧಾರವಾಡಕ್ಕಾ? ಹುಚ್ಚರ ದವಾಖಾನಿಗೆ? ಓಹೋ, ಅದಕ್ಕ ನಿಮ್ಮ ಜೀಪು ಬಾಗಿಲದಾಗ ನಿಂತೈತಿ. … ಇವತ್ತಾ ಯಾಕ? … ನಾ ಹೇಳ್ಲೇನು? ವಿಷ ನಾಳೆ ನಾಡಿದ್ದು ಇಳೀತೈತಿ. ಇಳಿದ್ರ ಮತ್ತ ಕೂಲಿ ಕೇಳ್ತಾನ. ಹುಚ್ಚ ಅಂತ ನನ್ನ ಸಹಿ ಬಿತ್ತಂದ್ರ, ಮುಂದ ಅವನ ಮಾತು ಯಾರೂ ಕೇಳಂಗಿಲ್ಲ.

… ಹೌದು ಮಾವ, ನಿಮ್ಮ ತಂಗಿ ಮಗಳಾ. ಮಸ್ಕಿ ಮನ್ಯಾಗ ನಿಮ್ಮ ತೊಡಿ ಮ್ಯಾಲ ಕುಂತು ಉಂಡಾಕಿ. ಮರ್ತಿಲ್ಲ. … ಬದ್ಲಿ ಮಾಡಿಸ್ತೀರಾ? ಮಾಡಸ್ರಿ. ದಣದೀನಿ ಮಾವ, ಹೆದರಾಕೂ ಪುರುಸೊತ್ತಿಲ್ಲ.

… ತಡೀರಿ. … ಏನವ್ವಾ ಗದ್ದೆಮ್ಮ? ಕಂಕುಳ ಹಸಿ ಆಗೈತಾ? ಸೀರಿ ನೀರಲ್ಲ, ಹೌದಲ್ಲ? … ಮಾವ, ಬೆವತಾನ.

… ಇಲ್ಲ. ಹುಚ್ಚ ಅಂತ ಬರಿಯಂಗಿಲ್ಲ. ಜೀಪು ಖಾಲಿ ಬರ್ತೈತಿ… ಇಲ್ಲ ಅಂದ್ನೆಲ್ಲ, ನಾ ಬರಿ—